ಡಯಲ್-ಅಪ್ ಸಂಪರ್ಕ: ಸಂಕೋಚನ ಮತ್ತು ವಿಳಂಬ

ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ ಎತಿಸಲಾತ್ ಸಂಸ್ಥೆ 1995ರಲ್ಲಿ ಸಾರ್ವಜನಿಕ ಅಂತರಜಾಲ ಸೇವೆಯನ್ನು ಆರಂಭಿಸಿತು. ದುಬೈ, ಅಬುಧಾಬಿಗಳ ಮನೆಗಳಿಗೆ ಅದು ಬಂದದ್ದು ದೂರವಾಣಿಯ ತಂತಿಯಲ್ಲಿ. ಮೋಡೆಮ್ ಆ ತಂತಿಯನ್ನು ಹಿಡಿದಿರುವಷ್ಟು ಹೊತ್ತು ಊರಿನಿಂದ ಬರುವ ಕರೆಗೆ ದಾರಿಯಿರಲಿಲ್ಲ. ಆದುದರಿಂದ ಪುಟವೊಂದು ತೆರೆಯಲು ಏಕೆ ಅಷ್ಟು ಹೊತ್ತು ಎಂಬ ಪ್ರಶ್ನೆಗೆ ಮನೆಮಂದಿಯೆಲ್ಲ ಉತ್ತರ ಬಯಸುತ್ತಿದ್ದರು.

ಮೊದಲ ಕಾರಣ ತಂತಿಯ ಸಾಮರ್ಥ್ಯ. ಸೆಕೆಂಡಿಗೆ 33,600 ಬಿಟ್ ಸಾಗಿಸುವ ಮೋಡೆಮ್‌ನಲ್ಲಿ 40 ಕಿಲೋಬೈಟ್ ಬರಲು ಸುಮಾರು 10 ಸೆಕೆಂಡು ಬೇಕು. 1990ರ ವಿ.42 ಬಿಸ್ ಮಾನಕ ಇದಕ್ಕೊಂದು ಉಪಾಯ ಒದಗಿಸಿತು. ಲೆಂಪೆಲ್ ಮತ್ತು ಝಿವ್ 1978ರಲ್ಲಿ ಪ್ರಕಟಿಸಿದ ವಿಧಾನವೇ ಅದರ ಮೂಲ. ಸಾಗಿಹೋದ ಅಕ್ಷರಸರಣಿಗಳನ್ನು ಎರಡೂ ತುದಿಯ ಮೋಡೆಮ್‌ಗಳು ಒಂದೊಂದು ನಿಘಂಟಿನಲ್ಲಿ ಬರೆದಿಟ್ಟುಕೊಳ್ಳುತ್ತವೆ. ಅದೇ ಸರಣಿ ಮರಳಿ ಬಂದರೆ ಅದರ ಸಂಖ್ಯೆಯನ್ನಷ್ಟೇ ಕಳುಹಿಸಿದರೆ ಸಾಕು. ನಿಘಂಟನ್ನು ಪ್ರತ್ಯೇಕವಾಗಿ ಕಳುಹಿಸಬೇಕಾಗಿಲ್ಲ, ಬಂದದ್ದನ್ನು ನೋಡಿಯೇ ಆಚೆಯ ಮೋಡೆಮ್ ತನ್ನ ಪ್ರತಿಯನ್ನು ಕಟ್ಟಿಕೊಳ್ಳುತ್ತದೆ. ನಾಲ್ಕು ಪಟ್ಟು ವೇಗವೆಂದು ಜಾಹೀರಾತುಗಳು ಹೇಳುತ್ತಿದ್ದವು. ಸಾಮಾನ್ಯ ಪಠ್ಯ ಅರ್ಧಕ್ಕೆ ಇಳಿದರೆ ದೊಡ್ಡದು. ಜಿಫ್, ಜೆಪೆಗ್ ಚಿತ್ರಗಳು ಮೊದಲೇ ಸಂಕೋಚನಗೊಂಡವು, ಅವುಗಳನ್ನು ಮತ್ತೆ ಹಿಂಡಿದರೆ ಏನೂ ಉಳಿತಾಯವಿಲ್ಲ. ಫಾಂಟ್ ಇಲ್ಲದ ಓದುಗರಿಗಾಗಿ ಕನ್ನಡ ಬರಹವನ್ನೇ ಚಿತ್ರವಾಗಿಸಿದ ಪುಟಗಳಿಗೆ ಈ ಉಪಾಯ ದಕ್ಕಲಿಲ್ಲ.

(ಇಂದಿನ ಯುಟಿಎಫ್-8ರಲ್ಲಿ ‘ಕನ್ನಡ’ ಎಂಬ ಪದ 15 ಬೈಟ್ ತೆಗೆದುಕೊಳ್ಳುತ್ತದೆ. ದುಂದುಗಾರಿಕೆ ಎನಿಸಬಹುದು. ಆದರೆ ಪ್ರತಿ ಕನ್ನಡ ಸಂಕೇತದ ಮೂರು ಬೈಟ್‌ಗಳಲ್ಲಿ ಮೊದಲನೆಯದು ಸದಾ ಒಂದೇ, ಎರಡನೆಯದು ಎರಡರಲ್ಲೊಂದು. ಸಂಕೋಚನಕ್ಕೆ ಇದಕ್ಕಿಂತ ಹದವಾದ ನೆಲ ಸಿಗದು.)

ಎರಡನೆಯ ಕಾರಣ ವಿಳಂಬ. ಇದಕ್ಕೆ ಸಂಕೋಚನ ಮದ್ದಲ್ಲ. ದುಬೈಯಿಂದ ನ್ಯೂಯಾರ್ಕಿಗೆ ನೇರ ದೂರವೇ ಸುಮಾರು 11,000 ಕಿಲೋಮೀಟರು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡಿದರೂ ಹೋಗಿ ಬರಲು 110 ಮಿಲಿಸೆಕೆಂಡು ತಗಲುತ್ತದೆ. ಫುಜೈರಾದಲ್ಲಿ ದಡ ಸೇರುವ ಸಮುದ್ರದಡಿಯ ಕೇಬಲ್‌ಗಳ ದಾರಿ ಇನ್ನೂ ಸುತ್ತು. ಮೋಡೆಮ್ ತನ್ನ ಪಾಲಿಗೆ ಮತ್ತೂ ಸುಮಾರು 100 ಮಿಲಿಸೆಕೆಂಡು ಸೇರಿಸುತ್ತಿತ್ತು. ಎಚ್‌ಟಿಟಿಪಿಯ ಆರಂಭದ ಆವೃತ್ತಿಯಲ್ಲಿ ಪ್ರತಿ ಚಿತ್ರಕ್ಕೂ ಹೊಸ ಸಂಪರ್ಕ: ಪರಿಚಯಕ್ಕೆ ಒಂದು ಸುತ್ತು, ಬೇಡಿಕೆಗೆ ಇನ್ನೊಂದು. ಸುತ್ತಿಗೆ 0.4 ಸೆಕೆಂಡು ಎಂದಿಟ್ಟುಕೊಂಡರೆ, ಒಂದಾದ ಮೇಲೊಂದರಂತೆ ತರಿಸುವ ಹತ್ತು ಚಿತ್ರಗಳಿಗೆ ಓಡಾಟದಲ್ಲೇ 8 ಸೆಕೆಂಡು ಕಳೆಯುತ್ತದೆ. ಚಿತ್ರ ಎಷ್ಟೇ ಚಿಕ್ಕದಾಗಿರಲಿ, ಈ ಲೆಕ್ಕ ಬದಲಾಗದು. 1998ರ 56ಕೆ ಮೋಡೆಮ್ ಕೊಂಡವರ ನಿರಾಶೆಯ ಮೂಲವೂ ಇಲ್ಲಿದೆ.

ಎತಿಸಲಾತ್‌ನ ಪ್ರಾಕ್ಸಿ ಸರ್ವರ್ ಹೆಸರಾದದ್ದು ನಿಷಿದ್ಧ ಪುಟಗಳನ್ನು ತಡೆಯುವುದಕ್ಕೆ. ಆದರೆ ಇಂಥ ಸರ್ವರ್ ಒಬ್ಬರು ತೆರೆದ ಪುಟದ ಪ್ರತಿಯನ್ನು ಇಟ್ಟುಕೊಂಡು ಇನ್ನೊಬ್ಬರಿಗೆ ಕೊಟ್ಟಾಗ, ಸಮುದ್ರದಾಚೆಯ ಪ್ರಯಾಣವೇ ತಪ್ಪುತ್ತದೆ. ಮಿಂಚಂಚೆಗೆ ಈ ಕಷ್ಟ ಕಡಿಮೆ. ಪತ್ರಗಳನ್ನು ಸಂಪರ್ಕವಿಲ್ಲದೆ ಬರೆದಿಟ್ಟು, ಒಮ್ಮೆ ಡಯಲ್ ಮಾಡಿ ಎಲ್ಲವನ್ನೂ ಒಟ್ಟಿಗೆ ಕಳುಹಿಸಿದರೆ, ಒಂದೆರಡು ನಿಮಿಷದಲ್ಲಿ ದೂರವಾಣಿ ಮತ್ತೆ ಊರಿನ ಕರೆಗೆ ಬಿಡುವಾಗುತ್ತಿತ್ತು.