ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು

ವಿದೇಶ ಪ್ರವಾಸ ಎಂದ ಕೂಡಲೇ ಕಣ್ಣು ಹೋಗುವುದು ಟಿಕೆಟ್ ದರದ ಮೇಲೆ. ಮೊಬೈಲಿನಲ್ಲಿ ಅಗ್ಗದಿಂದ ದುಬಾರಿಗೆ ಸಾಲಾಗಿ ನಿಂತ ದರಗಳ ಪೈಕಿ ಮೇಲಿನದನ್ನು ಒತ್ತಿಬಿಟ್ಟರೆ ಅರ್ಧ ಪ್ರವಾಸ ಮುಗಿದಂತೆ ಎಂಬ ಭಾವನೆ ಬಹಳ ಜನರಿಗಿದೆ. ಆ ಪಟ್ಟಿಗೆ ನೀವು ಬೀದರಿನವರೋ ವಿರಾಜಪೇಟೆಯವರೋ ಗೊತ್ತಿಲ್ಲ. ನಡುರಾತ್ರಿ ದೇವನಹಳ್ಳಿ ತಲುಪಲು ಕಾರಿಗೆ ಎಷ್ಟು ಕೊಡುತ್ತೀರಿ, ಜತೆಯಲ್ಲಿ ಮಂಡಿನೋವಿನ ಅಮ್ಮ ಇದ್ದಾರೆಯೇ ಎಂಬುದೂ ಅದಕ್ಕೆ ಬೇಕಿಲ್ಲ. ವಿಮಾನದೊಳಗೆ ಕುಳಿತ ಮೇಲೆ ಪ್ರಯಾಣಿಕರಿಗೆ ಅಂಥ ಕಷ್ಟವೇನೂ ಇರುವುದಿಲ್ಲ. ಮನೆಯಿಂದ ನಿಲ್ದಾಣಕ್ಕೆ, ಒಂದು ವಿಮಾನದಿಂದ ಇನ್ನೊಂದಕ್ಕೆ, ಇಳಿದ ನಿಲ್ದಾಣದಿಂದ ಊರಿಗೆ ದಾಟುವ ಕಡೆ ಹಣ ಸೋರುತ್ತದೆ, ಎಡವಟ್ಟುಗಳಾಗುತ್ತವೆ. ದಾರಿ ಆರಿಸುವಾಗ ನೋಡಬೇಕಾದದ್ದು ಈ ಕೊಂಡಿಗಳನ್ನು. ಉದಾಹರಣೆಗೆ, ನಮ್ಮಲ್ಲಿ ಬೇಸಿಗೆ ರಜೆಯಲ್ಲಿ ಹೆಚ್ಚು ಜನ ಹೊರಡುವ ಯುರೋಪ್ ಪ್ರವಾಸವನ್ನೇ ತೆಗೆದುಕೊಳ್ಳೋಣ.

ನಿಮ್ಮೂರಿಗೆ ಹತ್ತಿರದ್ದು ಯಾವುದು?

ಕರ್ನಾಟಕದ ಅತಿ ದೊಡ್ಡ ವಿಮಾನ ನಿಲ್ದಾಣ ಇರುವುದು ರಾಜ್ಯದ ಆಗ್ನೇಯ ಮೂಲೆಯಲ್ಲಿ. ಬೀದರಿನವರಿಗೆ ಬೆಂಗಳೂರು ಹೆಚ್ಚುಕಡಿಮೆ 700 ಕಿಲೋಮೀಟರ್. ಅದೇ ಬೀದರಿನಿಂದ ಹೈದರಾಬಾದಿನ ಶಂಶಾಬಾದ್ ನಿಲ್ದಾಣ 150 ಕಿಲೋಮೀಟರ್ ಆಸುಪಾಸಿನಲ್ಲಿದೆ. ಕಲಬುರಗಿ, ಯಾದಗಿರಿ, ರಾಯಚೂರಿನವರಿಗೂ ಲೆಕ್ಕ ಹೀಗೆಯೇ. ಕೊಲ್ಲಿಯ ವಿಮಾನಗಳು, ಲಂಡನ್ನಿನದು, ಸಿಂಗಪುರದ್ದು ಎಲ್ಲವೂ ಅಲ್ಲಿಂದ ಸಿಗುತ್ತವೆ. ಆದರೂ ನಮ್ಮ ರಾಜಧಾನಿ ಎಂಬ ಅಭ್ಯಾಸಬಲದಿಂದ ಬೆಂಗಳೂರಿಗೇ ರಾತ್ರಿ ಬಸ್ ಹತ್ತುವವರಿದ್ದಾರೆ.

ಕಾರವಾರ, ಬೆಳಗಾವಿಯವರಿಗೆ ಗೋವಾ ಹತ್ತಿರ. ಆದರೆ ಗೋವಾದಲ್ಲಿ ಈಗ ಎರಡು ನಿಲ್ದಾಣಗಳಿವೆ. ಹಳೆಯದು ದಾಬೋಲಿಂ. ಇನ್ನೊಂದು ಉತ್ತರದ ಗಡಿಯ ಹತ್ತಿರ ಮೋಪಾದಲ್ಲಿ 2023ರ ಜನವರಿಯಲ್ಲಿ ಶುರುವಾದ ಮನೋಹರ್ ನಿಲ್ದಾಣ. ದಾಬೋಲಿಂನ ಸಂಕೇತ ಜಿಓಐ, ಮೋಪಾದ್ದು ಜಿಓಎಕ್ಸ್. ಟಿಕೆಟ್ಟಿನಲ್ಲಿ ಬರೀ ಗೋವಾ ಎಂದು ಓದಿಕೊಂಡ ಕಾರವಾರದವರು ಮೋಪಾಕ್ಕೆ ಹೋಗಬೇಕಾಗಿ ಬಂದರೆ ಇಡೀ ಗೋವಾವನ್ನು ತೆಂಕಣದಿಂದ ಬಡಗಣಕ್ಕೆ ದಾಟಬೇಕು.

ಕೊಡಗಿನ ಸಂಗತಿ ಇನ್ನೂ ಸ್ವಾರಸ್ಯದ್ದು. 2018ರ ಡಿಸೆಂಬರಿನಲ್ಲಿ ತೆರೆದ ಕಣ್ಣೂರು ವಿಮಾನ ನಿಲ್ದಾಣ ಮಟ್ಟನ್ನೂರಿನಲ್ಲಿದೆ. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಸಿಗುತ್ತದೆ. ದೊಡ್ಡ ಕಟ್ಟಡ, ಉದ್ದನೆಯ ರನ್‌ವೇ, ಎಲ್ಲ ಇದೆ. ಆದರೆ ಎಮಿರೇಟ್ಸ್, ಕತಾರ್ ಏರ್‌ವೇಸ್‌ಗಳಂಥ ವಿದೇಶಿ ಕಂಪನಿಗಳು ಅಲ್ಲಿಗೆ ಬರುವುದಿಲ್ಲ. ಕಾರಣ ಬೇಡಿಕೆಯ ಕೊರತೆ ಅಲ್ಲ, ಕಾನೂನು. 1944ರ ಶಿಕಾಗೊ ಒಪ್ಪಂದದ ಕಾಲದಿಂದಲೂ ಪ್ರತಿ ದೇಶಕ್ಕೆ ತನ್ನ ಆಕಾಶದ ಮೇಲೆ ಪೂರ್ಣ ಹಕ್ಕು. ಯಾವ ವಿದೇಶಿ ಕಂಪನಿ ಯಾವ ಊರಿಗೆ ಬರಬಹುದು, ವಾರಕ್ಕೆ ಎಷ್ಟು ಆಸನ ತರಬಹುದು ಎಂಬುದನ್ನು ಎರಡು ಸರ್ಕಾರಗಳು ಕೂತು ತೀರ್ಮಾನಿಸುತ್ತವೆ. ದುಬೈ ಜತೆಗಿನ ಒಪ್ಪಂದದಲ್ಲಿ ಒಂದೊಂದು ಕಡೆಗೆ ವಾರಕ್ಕೆ 65 ಸಾವಿರಕ್ಕೂ ಹೆಚ್ಚು ಆಸನಗಳಿವೆ. ಅವನ್ನು ಯಾವ ಯಾವ ಊರಿಗೆ ಹಂಚಬಹುದೆಂಬ ಪಟ್ಟಿಯೂ ಇದೆ. ಆ ಪಟ್ಟಿಯಲ್ಲಿ ಹೆಸರಿಲ್ಲದ ಊರಿಗೆ ಭಾರತೀಯ ಕಂಪನಿಗಳೇ ಗತಿ. ಮಂಗಳೂರಿನ ಬಜ್ಪೆಯಿಂದ ಕೊಲ್ಲಿಗೆ ಹಾರುತ್ತಿರುವವೂ ನಮ್ಮ ಕಂಪನಿಗಳೇ. ಬಜ್ಪೆಗೆ ಇನ್ನೊಂದು ಮಿತಿ ಇದೆ. ಗುಡ್ಡದ ತಲೆ ಸವರಿ ಮಾಡಿದ ಅಲ್ಲಿನ ರನ್‌ವೇ ಸುಮಾರು 2,450 ಮೀಟರ್ ಉದ್ದ. ದೇವನಹಳ್ಳಿಯ ಎರಡೂ ರನ್‌ವೇಗಳು 4,000 ಮೀಟರಿನವು. ಮಳೆಗಾಲದಲ್ಲಿ ಮೋಡ ಕವಿದರೆ ಬಜ್ಪೆಯಲ್ಲಿ ಇಳಿಯಬೇಕಾದ ವಿಮಾನ ಬೆಂಗಳೂರಿಗೋ ಕೊಚ್ಚಿಗೋ ತಿರುಗಿಬಿಡುವುದುಂಟು. ದುಬೈನಲ್ಲಿರುವ ಮಗನ ಮನೆಗೆ ಹೋಗುವ ಬಂಟ್ವಾಳದ ದಂಪತಿಗೆ ಮಂಗಳೂರಿಗಿಂತ ಒಳ್ಳೆಯ ನಿಲ್ದಾಣವಿಲ್ಲ. ಅದೇ ದಂಪತಿ ಪ್ಯಾರಿಸಿಗೆ ಹೊರಟರೆ ಬೆಂಗಳೂರೇ ಮೇಲು, ಯಾಕೆಂದು ಮುಂದೆ ನೋಡೋಣ.

ಉಳಿದವರೆಲ್ಲ ಸೇರುವುದು ದೇವನಹಳ್ಳಿಗೆ. ಅದು ಬೆಂಗಳೂರಿನ ಬಡಗಣಕ್ಕಿದೆ ಎಂಬುದನ್ನು ಮೈಸೂರಿನವರು ಪ್ರತಿ ಸಲವೂ ಮೈಯಲ್ಲೇ ಅರಿಯುತ್ತಾರೆ. ಬೆಂಗಳೂರು ತಲುಪುವುದು ಒಂದು ಪ್ರಯಾಣ, ಅದನ್ನು ದಾಟುವುದು ಇನ್ನೊಂದು. ಮೈಸೂರಿನಿಂದ ಕೆಎಸ್ಆರ್‌ಟಿಸಿಯ ಫ್ಲೈ ಬಸ್ ನೇರ ನಿಲ್ದಾಣಕ್ಕೇ ಬರುತ್ತದೆ, ಲಗೇಜಿನೊಂದಿಗೆ ಮೆಜೆಸ್ಟಿಕ್‌ನಲ್ಲಿ ಇಳಿದು ಹತ್ತುವ ಗೋಳಿಲ್ಲ. ತುಮಕೂರು ಕಡೆಯಿಂದ ಕಾರಿನಲ್ಲಿ ಬರುವವರು ನೆಲಮಂಗಲದ ತನಕ ಬರುವುದೇ ಬೇಡ. ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿದರೆ ಹೆಬ್ಬಾಳದ ಮುಖ ನೋಡದೆ ದೇಶ ಬಿಡಬಹುದು. 2023ರ ಸೆಪ್ಟೆಂಬರಿನಿಂದ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಟರ್ಮಿನಲ್ 2ರಿಂದ ಹೊರಡುತ್ತವೆ. ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಬಂದ ದೇಶೀಯ ವಿಮಾನ ಟರ್ಮಿನಲ್ 1ರಲ್ಲಿ ಇಳಿಸಿದರೆ ಅಲ್ಲಿಂದ ಇಲ್ಲಿಗೆ ಬರುವ ಹೊತ್ತನ್ನೂ ಲೆಕ್ಕ ಹಿಡಿಯಬೇಕು.

ನಡುರಾತ್ರಿಯ ವಿಮಾನ

ಪಶ್ಚಿಮದ ಕಡೆಯ ಬಹಳಷ್ಟು ವಿಮಾನಗಳು ಬೆಂಗಳೂರಿನಿಂದ ನಿದ್ದೆಗೆಟ್ಟ ಹೊತ್ತಿನಲ್ಲೇ ಯಾಕೆ ಹೊರಡುತ್ತವೆ? ಉತ್ತರ ಬೆಂಗಳೂರಿನಲ್ಲಿಲ್ಲ, ಅವು ಹೋಗಿ ಇಳಿಯುವ ಊರಿನಲ್ಲಿದೆ. ಫ್ರಾಂಕ್‌ಫರ್ಟ್ ನಿಲ್ದಾಣದಲ್ಲಿ ಸುತ್ತಲಿನ ಜನರ ನಿದ್ದೆಗಾಗಿ ರಾತ್ರಿ 11ರಿಂದ ಬೆಳಗಿನ 5ರವರೆಗೆ ನಿಗದಿತ ವಿಮಾನಗಳಿಗೆ ನಿಷೇಧ. ಹೀತ್ರೂದಲ್ಲೂ ರಾತ್ರಿಯ ಹಾರಾಟಕ್ಕೆ ಕಡಿವಾಣವಿದೆ. ಬೆಂಗಳೂರಿನಿಂದ 3 ಗಂಟೆಯ ಹೊತ್ತಿಗೆ ಎದ್ದ ವಿಮಾನ ಫ್ರಾಂಕ್‌ಫರ್ಟ್ ಮುಟ್ಟುವಾಗ ಅಲ್ಲಿ ಬೆಳಗಿನ ಹೊತ್ತು. ಅಲ್ಲಿಂದ ವಿಯೆನ್ನಾ, ಪ್ರಾಗ್, ಬಾರ್ಸಿಲೋನಾಗಳಿಗೆ ಹೋಗುವ ವಿಮಾನಗಳು ಆಗಲೇ ಸಾಲಾಗಿ ಹೊರಡುತ್ತಿರುತ್ತವೆ. ದುಬೈ, ದೋಹಾಗಳ ಲೆಕ್ಕವೂ ಇದೇ. ಪೂರ್ವದಿಂದ ಹತ್ತಾರು ವಿಮಾನಗಳು ಒಟ್ಟಿಗೆ ಬಂದು ಇಳಿಯುತ್ತವೆ, ಒಂದೆರಡು ಗಂಟೆಯಲ್ಲಿ ಪಶ್ಚಿಮಕ್ಕೆ ಹತ್ತಾರು ಏಳುತ್ತವೆ. ಆ ಅಲೆಗೆ ಸರಿಯಾಗಿ ತಲುಪುವಂತೆ ನಮ್ಮ ವಿಮಾನದ ವೇಳೆ ಹೊಂದಿಸಿರುತ್ತಾರೆ.

ಇದರಿಂದ ಹುಟ್ಟುವ ಒಂದು ಗೊಂದಲ ಎಷ್ಟೋ ಮನೆಗಳ ಪ್ರವಾಸವನ್ನು ಕೆಡಿಸಿದೆ. ಟಿಕೆಟ್ಟಿನಲ್ಲಿ 15ನೇ ತಾರೀಖು, 2.30 ಎಂದಿದ್ದರೆ ಮನೆ ಬಿಡಬೇಕಾದದ್ದು 14ರ ರಾತ್ರಿ ಊಟ ಮುಗಿಸಿ. 15ರ ರಾತ್ರಿ ಸೂಟ್‌ಕೇಸ್ ತಳ್ಳಿಕೊಂಡು ಹೋದರೆ ವಿಮಾನ ಹೋಗಿ ಇಪ್ಪತ್ತು ಗಂಟೆ ಕಳೆದಿರುತ್ತದೆ. ಇನ್ನೊಂದು ತುದಿಯಲ್ಲೂ ನೋಡಿಕೊಳ್ಳಬೇಕು. ಬೆಳಗ್ಗೆ 8ಕ್ಕೆ ಪ್ಯಾರಿಸಿನಲ್ಲಿ ಇಳಿದವರಿಗೆ ಹೋಟೆಲ್ ಕೋಣೆ ಸಿಗುವುದು ಮಧ್ಯಾಹ್ನ 2ರ ಮೇಲೆ. ಚಿಕ್ಕ ಮಕ್ಕಳಿದ್ದರೆ ಆ ಆರು ಗಂಟೆ ಪ್ರವಾಸದಲ್ಲೇ ಅತಿ ಉದ್ದವಾದ ಆರು ಗಂಟೆ.

ನಡುವೆ ಎಲ್ಲಿ ನಿಲ್ಲುವುದು

ಬೆಂಗಳೂರಿನಿಂದ ಲಂಡನ್, ಪ್ಯಾರಿಸ್, ಫ್ರಾಂಕ್‌ಫರ್ಟ್, ಆಮ್‌ಸ್ಟರ್‌ಡಾಮ್‌ಗಳಿಗೆ ಎಲ್ಲೂ ನಿಲ್ಲದೆ ಹೋಗುವ ವಿಮಾನಗಳಿವೆ. ಆದರೂ ದುಬೈ ಮೇಲೆ ಸುತ್ತಿಕೊಂಡು ಹೋಗುವ ಟಿಕೆಟ್ ಎಷ್ಟೋ ಸಲ ಅದಕ್ಕಿಂತ ಅಗ್ಗ. ಹೆಚ್ಚು ಹೊತ್ತು ಹಾರಿಸಿ ಕಡಿಮೆ ದುಡ್ಡು ತೆಗೆದುಕೊಳ್ಳುವುದು ವಿಚಿತ್ರವೆನಿಸಬಹುದು. ನಿಲ್ಲದೆ ಹೋಗುವ ವಿಮಾನದಲ್ಲಿ ಕಂಪನಿ ದುಡ್ಡಿನಲ್ಲಿ ಓಡಾಡುವವರು ಎಷ್ಟಾದರೂ ಕೊಟ್ಟು ಕೂರುತ್ತಾರೆ. ದುಬೈ ವಿಮಾನದಲ್ಲಾದರೋ ಬೆಂಗಳೂರು, ಕೊಲಂಬೊ, ಢಾಕಾಗಳಿಂದ ಬಂದವರನ್ನೆಲ್ಲ ಒಟ್ಟುಗೂಡಿಸಿ ಲಂಡನ್ನಿಗೆ, ರೋಮಿಗೆ ಹಂಚುತ್ತಾರೆ. ಖಾಲಿ ಉಳಿಯುವ ಆಸನ ತುಂಬಿಸಲು ದರ ಇಳಿಸುತ್ತಾರೆ. ಉಳಿಯುವ ಹಣ ಮನೆಮಂದಿಗೆಲ್ಲ ಸೇರಿ ದೊಡ್ಡ ಮೊತ್ತವಾಗುವುದಾದರೆ ಹೋಗಲಿ. ತಲೆಗೆ ಮೂರು ನಾಲ್ಕು ಸಾವಿರದ ಆಸೆಗೆ ವಯಸ್ಸಾದವರನ್ನು ನಡುರಾತ್ರಿ ವಿಮಾನ ಬದಲಿಸಲು ನಡೆಸುವುದು ನನಗಂತೂ ಸರಿಕಾಣದು.

ಬಾರ್ಸಿಲೋನಾ, ಪ್ರಾಗ್‌ಗಳಂಥ ಊರಿಗೆ ಹೋಗುವವರು ಹೇಗೂ ಒಂದು ಕಡೆ ಬದಲಿಸಲೇಬೇಕು. ದೋಹಾದಲ್ಲಿ ಬದಲಿಸಿದರೆ ಅಲ್ಲಿ ಬರೀ ಭದ್ರತಾ ತಪಾಸಣೆ, ಪಾಸ್‌ಪೋರ್ಟ್ ನೋಡುವುದು ಕೊನೆಯ ಊರಿನಲ್ಲಿ. ಫ್ರಾಂಕ್‌ಫರ್ಟ್‌ನಲ್ಲಿ ಬದಲಿಸಿದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಷೆಂಗೆನ್ ಪ್ರದೇಶಕ್ಕೆ ಪ್ರವೇಶ ಅಲ್ಲೇ; ಆಮೇಲಿನ ಪ್ರಾಗ್ ವಿಮಾನ ದೇಶದೊಳಗಿನ ಪ್ರಯಾಣ ಇದ್ದ ಹಾಗೆ. ಅಂದರೆ ಇಮಿಗ್ರೇಷನ್ ಸಾಲು ನಿಮ್ಮ ಕನೆಕ್ಷನ್ ಹೊತ್ತನ್ನು ತಿನ್ನುತ್ತದೆ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ದೇಶಗಳು ಠಸ್ಸೆಯ ಬದಲು ಬೆರಳಚ್ಚು, ಮುಖಚಿತ್ರ ದಾಖಲಿಸುವ ವ್ಯವಸ್ಥೆಯನ್ನು ಹಂತಹಂತವಾಗಿ ತಂದಿವೆ. ಮೊದಲ ಸಲ ಹೋಗುವವರಿಗೆ ಅದರಿಂದ ಇನ್ನಷ್ಟು ಹೊತ್ತು. ಒಂದು ಗಂಟೆಯ ಕನೆಕ್ಷನ್ ಮಾರುತ್ತಿದ್ದರೆ ನಾನು ಅದನ್ನು ಮುಟ್ಟುವುದಿಲ್ಲ. ಮನೆಮಂದಿಯೊಂದಿಗೆ ಹೋಗುವಾಗ ಎರಡೂವರೆಯಿಂದ ನಾಲ್ಕು ಗಂಟೆ ಸರಿಯಾದ ಅಂತರ.

ಬರೀ ವಿಮಾನ ಬದಲಿಸಲೂ ವೀಸಾ ಕೇಳುವ ದೇಶಗಳಿವೆ. ಅಮೆರಿಕದಲ್ಲಿ ಇಳಿದವರೆಲ್ಲ, ಮೆಕ್ಸಿಕೊಗೋ ಪೆರುವಿಗೋ ಮುಂದೆ ಹೋಗುವವರಾದರೂ, ಅಲ್ಲಿನ ಇಮಿಗ್ರೇಷನ್ ದಾಟಲೇಬೇಕು. ಲಂಡನ್ನಿನಲ್ಲಿ ನಿಲ್ದಾಣದ ಹೊರಗೆ ಕಾಲಿಡದಿದ್ದರೂ ಭಾರತೀಯರಿಗೆ ಟ್ರಾನ್ಸಿಟ್ ವೀಸಾ ಬೇಕು. ಅಮೆರಿಕ, ಕೆನಡಾಗಳಂಥ ಕೆಲವು ದೇಶಗಳ ವೀಸಾ ಇದ್ದವರಿಗೆ ಮಾತ್ರ ವಿನಾಯಿತಿ. ಈ ನಿಯಮಗಳು ಆಗಾಗ ಬದಲಾಗುವುದರಿಂದ ಟಿಕೆಟ್ಟಿಗೆ ದುಡ್ಡು ಕಟ್ಟುವ ಮುನ್ನ ಆಯಾ ಸರ್ಕಾರದ ಜಾಲತಾಣದಲ್ಲೇ ನೋಡಬೇಕು. ಟಿಕೆಟ್ ಮಾರುವವರು ಇದನ್ನು ಹೇಳಿಯಾರೆಂದು ನಂಬಿ ಕೂರಬಾರದು.

ಈಗ ಬಂಟ್ವಾಳದ ದಂಪತಿಯ ವಿಷಯ. ಮಂಗಳೂರಿನಿಂದ ದುಬೈಗೆ ಒಂದು ಕಂಪನಿಯ ಅಗ್ಗದ ಟಿಕೆಟ್, ದುಬೈನಿಂದ ಪ್ಯಾರಿಸಿಗೆ ಇನ್ನೊಂದು ಕಂಪನಿಯ ಟಿಕೆಟ್ ಬೇರೆಬೇರೆಯಾಗಿ ಕೊಂಡರು ಎಂದಿಟ್ಟುಕೊಳ್ಳಿ. ಲೆಕ್ಕಕ್ಕೆ ಉಳಿತಾಯವೇ. ಆದರೆ ಅವರ ಲಗೇಜು ದುಬೈ ತನಕ ಮಾತ್ರ ಬರುತ್ತದೆ. ಅದನ್ನು ಎತ್ತಿಕೊಳ್ಳಲು ಇಮಿಗ್ರೇಷನ್ ದಾಟಿ ಹೊರಬರಬೇಕು, ಅದಕ್ಕೆ ಆ ದೇಶದ ವೀಸಾ ಬೇಕು. ಆಮೇಲೆ ಇನ್ನೊಂದು ಟರ್ಮಿನಲ್ಲಿಗೆ ಹೋಗಿ ಹೊಸದಾಗಿ ಚೆಕ್-ಇನ್ ಮಾಡಬೇಕು. ಬಜ್ಪೆಯ ಮಳೆಗೆ ಮೊದಲ ವಿಮಾನ ನಾಲ್ಕು ಗಂಟೆ ತಡವಾದರೆ ಎರಡನೇ ಕಂಪನಿಗೆ ಅದು ಸಂಬಂಧವಿಲ್ಲದ ವಿಷಯ. ಬರಲಿಲ್ಲ, ಟಿಕೆಟ್ ಹೋಯಿತು. ಬೆಂಗಳೂರಿನಿಂದ ಪ್ಯಾರಿಸಿನ ತನಕ ಒಂದೇ ಪಿಎನ್‌ಆರ್ ಇದ್ದರೆ ಲಗೇಜು ಕೊನೆಯ ಊರಿನಲ್ಲೇ ಸಿಗುತ್ತದೆ, ಕೊಂಡಿ ತಪ್ಪಿದರೆ ಮುಂದಿನ ವಿಮಾನದಲ್ಲಿ ಕೂರಿಸುವ ಹೊಣೆ ಕಂಪನಿಯದು. 2025ರ ಜೂನ್ 23ರಂದು ಕತಾರ್ ಕೆಲವು ಗಂಟೆಗಳ ಕಾಲ ತನ್ನ ಆಕಾಶವನ್ನೇ ಮುಚ್ಚಿತ್ತು. ಅಂಥ ದಿನ ಎರಡು ಬಿಡಿ ಟಿಕೆಟ್ ಹಿಡಿದುಕೊಂಡವರ ಪಾಡು ಊಹಿಸಿಕೊಳ್ಳಿ.

ಒಂದೇ ಪಿಎನ್‌ಆರ್‌ಗೂ ಒಂದು ಕಟ್ಟಳೆ ಉಂಟು. ಹುಬ್ಬಳ್ಳಿ–ಮುಂಬೈ–ಲಂಡನ್ ಟಿಕೆಟ್ ಕೊಂಡು, ಹೇಗೂ ಮುಂಬೈಯಲ್ಲಿ ನೆಂಟರ ಮನೆ ಇದೆಯೆಂದು ರೈಲಿನಲ್ಲಿ ಹೋಗಿ ಲಂಡನ್ ವಿಮಾನ ಮಾತ್ರ ಹತ್ತುತ್ತೇನೆಂದರೆ ಆಗದು. ಮೊದಲ ಹಾರಾಟಕ್ಕೆ ಬಾರದವರ ಉಳಿದ ಹಾರಾಟಗಳನ್ನು, ಮರಳುವುದನ್ನೂ ಸೇರಿಸಿ, ಕಂಪನಿಗಳು ರದ್ದು ಮಾಡುತ್ತವೆ.

ದೆಹಲಿಯ ಮೇಲೆ ಹೋಗುವವರಿಗೆ ಒಂದು ಮಾತು. ಡಿಸೆಂಬರ್ ಕೊನೆ, ಜನವರಿಯಲ್ಲಿ ಅಲ್ಲಿ ನಸುಕಿನ ಮಂಜು ದಟ್ಟ. ಬೆಳಗಿನ ಕನೆಕ್ಷನ್ ಆ ತಿಂಗಳುಗಳಲ್ಲಿ ಬೇಡ.

ಇಳಿದ ಊರಿಂದಲೇ ಮರಳಬೇಕೆ?

ನಮ್ಮವರ ಯುರೋಪ್ ಪಟ್ಟಿ ಸಾಮಾನ್ಯವಾಗಿ ಪ್ಯಾರಿಸ್, ಸ್ವಿಟ್ಜರ್ಲೆಂಡ್, ರೋಮ್. ಪ್ಯಾರಿಸಿಗೆ ಹೋಗಿ-ಬರುವ ಟಿಕೆಟ್ ಕೊಂಡವರು ರೋಮಿನಿಂದ ಮತ್ತೆ ಪ್ಯಾರಿಸಿಗೆ ಬರಲು ಒಂದು ದಿನವನ್ನೂ ಒಂದು ಟಿಕೆಟ್ಟನ್ನೂ ಕಳೆಯುತ್ತಾರೆ. ಅದೇ ಜಾಲತಾಣದಲ್ಲಿ ‘ಮಲ್ಟಿ ಸಿಟಿ’ ಎಂಬ ಗುಂಡಿ ಒತ್ತಿ, ಹೋಗುವುದು ಪ್ಯಾರಿಸಿಗೆ, ಮರಳುವುದು ರೋಮಿನಿಂದ ಎಂದು ಕೇಳಿದರೆ ದರ ಹೆಚ್ಚುಕಡಿಮೆ ಅಷ್ಟೇ ಇರುವುದುಂಟು. ಪಟ್ಟಿಯಲ್ಲಿ ಲಂಡನ್ನೂ ಇದ್ದರೆ ಅದನ್ನು ಮೊದಲಿಗೆ ಇಟ್ಟುಕೊಳ್ಳಿ. ಬ್ರಿಟನ್ನಿನಿಂದ ವಿಮಾನದಲ್ಲಿ ಹೊರಡುವವರ ಮೇಲೆ ಅಲ್ಲಿನ ಸರ್ಕಾರ ತೆರಿಗೆ ಹಾಕುತ್ತದೆ, ದೂರದ ಹಾರಾಟಕ್ಕೆ ಅದು ಭಾರಿ. ಇಳಿಯುವವರಿಗೆ ಅದಿಲ್ಲ. ಲಂಡನ್ನಿನಲ್ಲಿ ಇಳಿದು, ರೈಲಿನಲ್ಲಿ ಪ್ಯಾರಿಸಿಗೆ ದಾಟಿ, ಅಲ್ಲಿಂದ ಊರಿಗೆ ಬಂದವರು ಆ ತೆರಿಗೆಯಿಂದ ಪಾರು. ಬ್ರಿಟನ್ನಿನ ವೀಸಾ ಬೇರೆ, ಷೆಂಗೆನ್ ವೀಸಾ ಬೇರೆ ಎಂಬುದು ನೆನಪಿರಲಿ. ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ಉಳಿಯುವ ದೇಶಕ್ಕೆ. ಎಲ್ಲ ಕಡೆ ಸಮಾನ ದಿನಗಳಿದ್ದರೆ ಮಾತ್ರ ಮೊದಲು ಕಾಲಿಡುವ ದೇಶಕ್ಕೆ.

ಸ್ವಿಟ್ಜರ್ಲೆಂಡಿನ ಇಂಟರ್‌ಲಾಕನ್ ಕಡೆಗೆ ಹೋಗುವವರು ಜೂರಿಕ್‌ಗೇ ವಿಮಾನ ಹುಡುಕುತ್ತಾರೆ. ಅದು ಒಳ್ಳೆಯದೇ, ನಿಲ್ದಾಣದ ಕೆಳಗೇ ರೈಲು ಇದೆ. ಆದರೆ ಬೆಂಗಳೂರಿನಿಂದ ನಿಲ್ಲದೆ ಫ್ರಾಂಕ್‌ಫರ್ಟ್‌ಗೆ ಹೋದವರಿಗೂ ಆ ನಿಲ್ದಾಣಕ್ಕೆ ಹೊಂದಿಕೊಂಡೇ ದೂರದ ರೈಲುಗಳ ನಿಲ್ದಾಣವಿದೆ. ಸುಮಾರು ಮೂರು ಗಂಟೆಯಲ್ಲಿ ಸ್ವಿಸ್ ಗಡಿಯ ಬಾಸೆಲ್. ಇನ್ನೊಂದು ವಿಮಾನಕ್ಕಾಗಿ ಕಾಯುವುದಕ್ಕಿಂತ ರೈಲಿನ ಕಿಟಕಿಯೇ ವಾಸಿ ಎಂದು ನನ್ನ ಅಭಿಪ್ರಾಯ.

ಯುರೋಪಿನೊಳಗಿನ ಅಗ್ಗದ ವಿಮಾನಗಳ ನಿಲ್ದಾಣದ ಹೆಸರನ್ನು ಎರಡು ಸಲ ಓದಿ. ಪ್ಯಾರಿಸ್ ಬೊವೇ ಎಂಬುದು ಪ್ಯಾರಿಸಿನಿಂದ 80 ಕಿಲೋಮೀಟರಿಗೂ ಹೆಚ್ಚು ದೂರ. ಫ್ರಾಂಕ್‌ಫರ್ಟ್ ಹಾನ್ ಆ ಊರಿನಿಂದ 120 ಕಿಲೋಮೀಟರ್ ಆಚೆ. ಲಂಡನ್ನಿನ ಹೆಸರಿಟ್ಟುಕೊಂಡವು ಆರಿವೆ. ಹೀತ್ರೂಗೆ ಬಂದು ಗ್ಯಾಟ್ವಿಕ್‌ನಿಂದ ಮುಂದಿನ ವಿಮಾನ ಹಿಡಿಯಬೇಕಾದರೆ ನಡುವೆ ಅರ್ಧ ದಿನವಾದರೂ ಇರಬೇಕು.

ಮರಳುವಾಗ ದೆಹಲಿ ಅಥವಾ ಮುಂಬೈ ಮೇಲೆ ಬರುವವರಿಗೆ ಇಮಿಗ್ರೇಷನ್ನೂ ಕಸ್ಟಮ್ಸೂ ಸಾಮಾನ್ಯವಾಗಿ ಮೊದಲು ಇಳಿಯುವ ನಿಲ್ದಾಣದಲ್ಲೇ. ಕೊನೆಯ ಊರಿನ ಚೀಟಿ ಅಂಟಿಸಿದ ಲಗೇಜನ್ನೂ ಅಲ್ಲಿ ಎತ್ತಿಕೊಂಡು ಮತ್ತೆ ಒಪ್ಪಿಸಬೇಕಾಗುತ್ತದೆ. ಬೆಂಗಳೂರಿಗೆ ನಡುರಾತ್ರಿ ಇಳಿದು ಬೆಳಗಿನ ಮೊದಲ ವಿಮಾನಕ್ಕೆ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗುವವರು ಆ ಟಿಕೆಟ್ಟನ್ನು ಬಿಡಿಯಾಗಿ ಕೊಂಡಿದ್ದರೆ ಮಧ್ಯಾಹ್ನದ್ದನ್ನು ಆರಿಸಿಕೊಳ್ಳಲಿ. ಇಲ್ಲವೇ ಆ ಟಿಕೆಟ್ಟೇ ಬೇಡ. ಯಶವಂತಪುರದಿಂದ ಹಗಲು ರೈಲು ಇದೆ, ತಡವಾಗಿ ಬಂದು ಅದು ತಪ್ಪಿದರೂ ಹೋಗುವುದು ಕೆಲವು ನೂರು ರೂಪಾಯಿ.