ಉದ್ದಿಮೆಯ ಪರಿಚಯದಲ್ಲಿ ಮನೆಯ ಮಾತು ಎಷ್ಟಿರಬೇಕು?

ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ಇಂದು ರೊಟ್ಟಿ ಬಡಿಯುವ ಕೈಗಳೇ ಸಂಸಾರದ ಬಂಡಿಯನ್ನು ಎಳೆಯುತ್ತಿವೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿಗಳು ಬೆಂಗಳೂರು, ಪುಣೆ, ಮುಂಬಯಿಗಳನ್ನು ದಾಟಿ ಪರದೇಶಕ್ಕೂ ಹೋಗುತ್ತಿವೆ. ಹಿಂದೆ ಕೊಳ್ಳುವವರು ಓಣಿಯವರೇ ಆಗಿದ್ದುದರಿಂದ, ಮಾಡುವವರು ಯಾರು, ಅವರ ಕೈಗುಣ ಎಂಥದು ಎಂದು ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ. ಈಗಿನ ಗ್ರಾಹಕರು ಮುಖ ಕಾಣದ ದೂರದವರು. ಆದಕಾರಣ ಪೊಟ್ಟಣದ ಬೆನ್ನಿಗಾಗಲಿ, ಜಾಲತಾಣಕ್ಕಾಗಲಿ ‘ನಮ್ಮ ಪರಿಚಯ’ವೆಂಬ ಬರಹವೊಂದು ಅಗತ್ಯವಾಗಿದೆ. ಅದರಲ್ಲಿ ಮನೆಯ ಮಾತನ್ನು ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ವಿಚಾರಾರ್ಹ ವಿಷಯ.

ಕೆಲವರು ‘ಗುಣಮಟ್ಟವೇ ನಮ್ಮ ಧ್ಯೇಯ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಯಾರು ಬೇಕಾದರೂ ಹೇಳಬಹುದಾದ ಈ ಮಾತಿನಿಂದ ಯಾರ ಪರಿಚಯವೂ ಆಗುವುದಿಲ್ಲ. ಇನ್ನು ಕೆಲವರು ಮನೆಯೊಡೆಯನ ಅಕಾಲ ಮರಣ, ಸಾಲದ ಬಾಧೆ, ಬಂಧುಗಳ ಉಪೇಕ್ಷೆ, ಮಕ್ಕಳ ಭಾವಚಿತ್ರ ಎಲ್ಲವನ್ನೂ ಹರವಿಡುತ್ತಾರೆ. ಕನಿಕರದಿಂದ ಒಮ್ಮೆ ಕೊಂಡಾರು. ಎರಡನೆಯ ಸಲ ಕೊಳ್ಳುವುದು ರುಚಿಗಾಗಿಯೇ.

ಕಾಯಿದೆ ಕೇಳುವುದು ಸ್ವಲ್ಪವೇ. 2006ರ ಆಹಾರ ಸುರಕ್ಷತಾ ಕಾಯಿದೆಯ ಅಡಿಯಲ್ಲಿ, ಪೊಟ್ಟಣದ ಮೇಲೆ ತಯಾರಕರ ಹೆಸರು, ವಿಳಾಸ, ಬಳಸಿದ ಪದಾರ್ಥಗಳು, ತಯಾರಾದ ದಿನಾಂಕ, 14 ಅಂಕಿಗಳ ನೋಂದಣಿ ಅಥವಾ ಪರವಾನಗಿ ಸಂಖ್ಯೆ ಮುಂತಾದವು ಇರಬೇಕು. ಇದರಾಚೆ ಹೇಳುವುದೆಲ್ಲವೂ ನಮ್ಮ ಇಚ್ಛೆಗೆ ಬಿಟ್ಟದ್ದು.

ಹಾಗೆಂದು ಮನೆತನದ ಮಾತೇ ಬೇಡವೆಂದು ನಾವು ಹೇಳುವುದಿಲ್ಲ. ಉತ್ತರ ಪ್ರದೇಶದ ಉನ್ನಾವದಿಂದ ಧಾರವಾಡಕ್ಕೆ ಬಂದು ನೆಲೆಸಿದ ಠಾಕೂರ್ ಮನೆತನದ ಕಥೆಯನ್ನು ಬಿಟ್ಟು ಧಾರವಾಡ ಪೇಢೆಯ ಪರಿಚಯ ಪೂರ್ಣವಾಗದು. ಅಲ್ಲಿ ಮನೆಯ ಕಥೆಯೇ ಪದಾರ್ಥದ ಕಥೆಯಾಗಿದೆ. ಅದರಂತೆಯೇ ಹಿಂಗಾರಿಯ ಬಿಳಿಜೋಳವನ್ನು ಯಾವ ಸೀಮೆಯಿಂದ ತರುತ್ತೇವೆ, ಹಿಟ್ಟನ್ನು ಬಿಸಿನೀರಿನಲ್ಲಿ ಹೇಗೆ ನಾದುತ್ತೇವೆ, ಈ ಹದವನ್ನು ಯಾವ ಅಜ್ಜಿ ಕಲಿಸಿದಳು, ರೊಟ್ಟಿ ಎಷ್ಟು ದಿನ ಕೆಡದೆ ಉಳಿಯುತ್ತದೆ ಎಂಬುದನ್ನು ಮನಸಾರೆ ಬರೆಯಬಹುದು. ಕೊಳ್ಳುವವರ ನಂಬಿಕೆ ಬೆಳೆಯುವುದು ಇಂಥ ವಿವರಗಳಿಂದ.

ಆದರೆ ಒಮ್ಮೆ ಹೊರಬಿದ್ದ ಮಾತು ಮನೆಯವರ ಹಿಡಿತದಲ್ಲಿ ಉಳಿಯುವುದಿಲ್ಲ. ಬೆಂಗಳೂರಿನಲ್ಲಿ 1924ರಲ್ಲಿ ಮಯ್ಯ ಸಹೋದರರು ಆರಂಭಿಸಿದ ಉಪಾಹಾರ ಗೃಹದಿಂದ ಬೆಳೆದ ಎಂಟಿಆರ್ ಫುಡ್ಸ್ ಸಂಸ್ಥೆಯು 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆಯ ಪಾಲಾಯಿತು. ಒಡೆತನ ಬದಲಾದರೂ 1924ರ ಕಥೆ ಆ ಹೆಸರಿನೊಡನೆಯೇ ಸಾಗಿತು. ಅದು ದುಡಿಮೆಯ ಕಥೆಯಾದುದರಿಂದ ಮನೆತನಕ್ಕೆ ಗೌರವವೇ. ಹಾಗೆ ಸಾಗಿದ್ದು ಕಣ್ಣೀರಿನ ಕಥೆಯಾಗಿದ್ದರೆ?

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ರೊಟ್ಟಿ ಮಾಡುವವಳು ತಾಯಿ. ಪರಿಚಯ ಬರೆಯುವವನು ಪಟ್ಟಣದಲ್ಲಿರುವ ಮಗ ಅಥವಾ ಅಳಿಯ. ತನ್ನ ವೈಧವ್ಯದ ದುಃಖವು ವ್ಯಾಪಾರದ ಮಾತಾಗಿರುವುದು ಆ ತಾಯಿಗೆ ಎಷ್ಟೋ ವೇಳೆ ತಿಳಿದೇ ಇರುವುದಿಲ್ಲ. ತನ್ನ ಬಾಳಿನ ಕಷ್ಟವನ್ನು ನಾಲ್ವರೆದುರು ಹೇಳಬೇಕೆಂದು ಆಕೆಗೇ ಅನಿಸಿದರೆ ಅದು ಆಕೆಯ ಹಕ್ಕು. ಆಕೆಯ ಪರವಾಗಿ ಬೇರೊಬ್ಬರು ಹೇಳುವುದು ಸಲ್ಲದು. ಒಪ್ಪಿಗೆ ಕೊಡುವ ವಯಸ್ಸಾಗದ ಮಕ್ಕಳ ಚಿತ್ರವನ್ನೂ ಶಾಲೆಯ ಹೆಸರನ್ನೂ ಹೊರಗಿಡುವುದೇ ಲೇಸು. ಹೆಣ್ಣುಮಕ್ಕಳ ಸ್ವಂತ ದೂರವಾಣಿ ಸಂಖ್ಯೆಯ ಬದಲು ಉದ್ದಿಮೆಗೆಂದೇ ಬೇರೆ ಸಂಖ್ಯೆ ಇರಲಿ.

ಆದ್ದರಿಂದ ಬರೆದುದನ್ನು ಪ್ರಕಟಿಸುವ ಮುನ್ನ ಮನೆಯವರೆಲ್ಲರ ಮುಂದೆ ಗಟ್ಟಿಯಾಗಿ ಓದಿರಿ. ಹೆಸರು ಬಂದವರೆಲ್ಲರೂ ಒಪ್ಪಿದರೇ, ಬೀಗರು ಬಂದು ಕುಳಿತಾಗಲೂ ಅದೇ ಮಾತನ್ನು ಸಂಕೋಚವಿಲ್ಲದೆ ಓದಬಹುದೇ, ಹತ್ತು ವರ್ಷಗಳ ನಂತರ ಮಗಳು ಓದಿದರೆ ಹೆಮ್ಮೆಪಟ್ಟಾಳೇ ಎಂದು ವಿಚಾರಿಸಿರಿ. ಈ ಮೂರಕ್ಕೂ ‘ಹೌದು’ ಎಂಬ ಉತ್ತರ ಬಂದ ಮಾತು ಉಳಿಯಲಿ, ಉಳಿದುದನ್ನು ಅಳಿಸಿಬಿಡಿ. ದುಡಿಮೆಯನ್ನು ಜಗತ್ತಿಗೆ ಪರಿಚಯಿಸೋಣ. ದುಃಖವನ್ನು ಹಂಚಿಕೊಳ್ಳಲು ನಮ್ಮವರಿದ್ದಾರೆ.