ಪತ್ರಾಸಿನ ಕೆಳಗಿನ ಮಧ್ಯಾಹ್ನ

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಗಳಲ್ಲಿ, ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಗುತ್ತದೆ. ಬಿಸಿಲು ನೆತ್ತಿಗೇರುವಷ್ಟರಲ್ಲಿ ನೌಕರರು ಮನೆ ಸೇರಲಿ ಎಂಬ ಲೆಕ್ಕ. ಒಳ್ಳೆಯ ಲೆಕ್ಕವೇ. ಆದರೆ ಪತ್ರಾಸಿನ ಮನೆಯಲ್ಲಿ ಒಬ್ಬಳೇ ಇರುವ ಎಪ್ಪತ್ತು ದಾಟಿದ ಮುದುಕಿಗೆ ಆ ಹೊತ್ತಿನಲ್ಲಿ ಮನೆಯೇ ಅಪಾಯ. ತಗಡು ಕಾದು ಒಳಗಿನ ಕೋಣೆ ಹೊರಗಿನ ನೆರಳಿಗಿಂತ ಬಿಸಿಯಾಗಿರುತ್ತದೆ. ಫರಸಿ ಕಲ್ಲಿನ ಮನೆಯಾದರೆ ಹಗಲು ಕುಡಿದ ಕಾವನ್ನು ಕಲ್ಲು ರಾತ್ರಿಯಿಡೀ ಕಕ್ಕುತ್ತದೆ. ಉಳಿದವರು ಮಾಳಿಗೆ ಹತ್ತಿ ಮಲಗುತ್ತಾರೆ; ಮಂಡಿ ನೋವಿನವರು ನಿಚ್ಚಣಿಕೆ ಹತ್ತುವುದು ಹೇಗೆ?

‘ನೀರು ಕುಡೀರಿ’ ಅನ್ನುವುದು ಸುಲಭ. ವಯಸ್ಸಾದಂತೆ ನೀರಡಿಕೆ ಗೊತ್ತಾಗುವುದೇ ಕಡಿಮೆ, ಬೆವರುವುದೂ ಕಡಿಮೆ. ಬಿಪಿಗೆಂದು ಕೊಡುವ, ಹೆಚ್ಚು ಮೂತ್ರ ಹೋಗಿಸುವ ಮಾತ್ರೆ ಮೈಯ ನೀರನ್ನು ಮತ್ತಷ್ಟು ಇಳಿಸುತ್ತದೆ (ಅದನ್ನು ತಾವಾಗಿಯೇ ಬಿಡಬಾರದು, ಬೇಸಿಗೆಯಲ್ಲಿ ಎಷ್ಟು ಬೇಕೆಂದು ವೈದ್ಯರನ್ನೇ ಕೇಳಬೇಕು). ಇದೆಲ್ಲಕ್ಕಿಂತ ದೊಡ್ಡ ಕಾರಣವನ್ನು ಯಾವ ಭಿತ್ತಿಪತ್ರವೂ ಹೇಳುವುದಿಲ್ಲ: ಶೌಚಾಲಯ ದೂರವಿದ್ದರೆ ಹೆಂಗಸರು ಬೇಕೆಂತಲೇ ನೀರು ಕುಡಿಯುವುದಿಲ್ಲ. ತುಂಬಿದ ಕೊಡ ಪಕ್ಕದಲ್ಲೇ ಇರುತ್ತದೆ, ಲೋಟ ಒಣಗಿರುತ್ತದೆ.

ಫ್ಯಾನು ಇದೆಯಲ್ಲ ಎನ್ನಬಹುದು. ಗೃಹಜ್ಯೋತಿ ಬಂದ ಮೇಲೆ ಬಿಲ್ಲಿನ ಭಯ ತಗ್ಗಿದೆ, ನಿಜ. ಆದರೆ ಕೋಣೆ 40 ಡಿಗ್ರಿ ದಾಟಿದರೆ ಬರೀ ಫ್ಯಾನು ಬಿಸಿಗಾಳಿಯನ್ನೇ ಮೈಗೆ ಬಡಿಯುತ್ತದೆ. ಕುತ್ತಿಗೆ, ಕೈಕಾಲುಗಳ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡರೆ ಉಪಯೋಗವುಂಟು.

ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ ಸಾವಿರಕ್ಕೂ ಹೆಚ್ಚು ಮಂದಿ ಸತ್ತಿದ್ದರೆಂದು ಆಮೇಲೆ ಸಾವಿನ ಲೆಕ್ಕಗಳನ್ನು ಹೋಲಿಸಿ ನೋಡಿದಾಗಲೇ ತಿಳಿದದ್ದು. ಅಲ್ಲಿನ ಮಹಾನಗರ ಪಾಲಿಕೆ 2013ರಲ್ಲಿ ಬಿಸಿಲಿನ ಕ್ರಿಯಾಯೋಜನೆ ತಂದಿತು. ಮುಂದೆ ಕೊಳೆಗೇರಿಗಳ ಚಾವಣಿಗಳಿಗೆ ಸುಣ್ಣ ಬಳಿಸಿತು. ಬಿಳಿ ಚಾವಣಿ ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ, ಕೋಣೆ ಕೆಲವು ಡಿಗ್ರಿಯಾದರೂ ತಣ್ಣಗಾಗುತ್ತದೆ. ತಿಂಗಳಿಗೆ 1,200 ರೂಪಾಯಿ ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ ಬದುಕುವವರು ಸುಣ್ಣ ಕೊಂಡು, ಆಳು ಹಿಡಿದು ಮೇಲೆ ಹತ್ತಿಸಲಾರರು. ಅದು ಪಂಚಾಯಿತಿ, ನಗರಸಭೆಗಳ ಕೆಲಸ, ಅದೂ ಮಾರ್ಚ್ ಒಳಗೆ.

ಸುಣ್ಣಕ್ಕಿಂತ ಮುಖ್ಯವಾದದ್ದು ಬಾಗಿಲು ತಟ್ಟುವ ಕೈ. ಶಿಕಾಗೊದಲ್ಲಿ 1995ರ ಜುಲೈನ ಸೆಕೆಗೆ ಏಳುನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹಳಷ್ಟು ಜನ ಒಂಟಿ ಬಡ ಮುದುಕರು, ಕಳ್ಳರ ಭಯಕ್ಕೆ ಕಿಟಕಿಯನ್ನೂ ಮುಚ್ಚಿಕೊಂಡವರಿದ್ದರು. 1999ರಲ್ಲಿ ಮತ್ತೆ ಅಂಥದ್ದೇ ಸೆಕೆ ಬಂದಾಗ ನಗರದವರು ಒಂಟಿ ವೃದ್ಧರಿಗೆ ಫೋನು ಮಾಡಿದರು, ಮನೆಗಳಿಗೆ ಹೋದರು. ಸಾವು ಬಹಳ ಇಳಿಯಿತು.

ನಮ್ಮಲ್ಲಿ ಯಾರ ಮನೆಯಲ್ಲಿ ಯಾರು ಒಂಟಿಯೆಂದು ಆಶಾ ಕಾರ್ಯಕರ್ತೆಗೆ ಬಾಯಿಪಾಠ. ಆ ಪಟ್ಟಿಯನ್ನು ಏಪ್ರಿಲ್‌ಗೆ ಮೊದಲೇ ಬರೆದಿಟ್ಟು, ಬಿಸಿಲು ಏರಿದ ದಿನ ಎರಡು ಸಲ ವಿಚಾರಿಸಲು ಅವಳಿಗೆ ಭತ್ಯೆ ಕೊಡಬೇಕು, ಪುಕ್ಕಟೆ ದುಡಿಸಿಕೊಳ್ಳಬಾರದು. ಶಾಲೆಗಳಿಗೆ ಹೇಗೂ ರಜೆ. ಗಟ್ಟಿ ಚಾವಣಿ, ಶೌಚಾಲಯ ಇರುವ ಒಂದು ಕೋಣೆಯನ್ನು ಮಧ್ಯಾಹ್ನ ತೆರೆದು ಮಜ್ಜಿಗೆ, ಉಪ್ಪು ಹಾಕಿದ ಅಂಬಲಿ ಇಟ್ಟರೆ ಸಾಕು. ಹರಟೆಗೆ ಜನ ತಾವೇ ಬರುತ್ತಾರೆ.

ಬಾಗಿಲು ತಟ್ಟಿದಾಗ ಅಜ್ಜಿ ತೊದಲಿದರೆ, ಗುರುತು ಹಿಡಿಯದೆ ತಡವರಿಸಿದರೆ, ಮೈ ಕೆಂಡದಂತಿದ್ದರೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಸುಮ್ಮನೆ ಕೂರಬೇಡಿ: ನೆರಳಿಗೆ ತಂದು ಮೈಮೇಲೆ ನೀರು ಸುರಿಯಿರಿ, ಗಾಳಿ ಹಾಕಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಮಾತ್ರ ನೀರು ಹಾಕಬೇಡಿ.